ಏರುತ್ತಿದ್ದ ಆಯಿಲ್

ಬೆಳಿಗ್ಗೆ ಆರೂವರೆಗೆ ಮೇಸ್ತ್ರಿ ಗಾಡಿಯ ಬಾನೆಟ್ ಎತ್ತುತ್ತಿದ್ದರು. ಬಾನೆಟ್ ಎದ್ದಾಗ ಮನೆಯೊಳಗೆ ಟೀ ಕುದಿಯುತ್ತಿರಬೇಕು, ಇಳಿದಾಗ ಮಗನ ಊಟದ ಡಬ್ಬಿ ಮುಚ್ಚಿರಬೇಕು. ನಲವತ್ತು ವರ್ಷ ಲಾರಿ ಗ್ಯಾರೇಜಿನಲ್ಲಿ ದುಡಿದು ಈಗ ಮನೆಯಲ್ಲಿದ್ದ ಅವರಿಗೆ ಬೀದಿಯಲ್ಲಿ ಬೇರೆ ಹೆಸರೇ ಇರಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಮೇಸ್ತ್ರಿಯೇ.

ಗಾಡಿ ಮಗನದು. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಹಿಂದೆ ಎದುರುಬದುರಾಗಿ ಎರಡು ಬೆಂಚುಗಳಿರುವ ಡೀಸೆಲ್ ಗಾಡಿ. ಊರಾಚೆ ಗುಡ್ಡದ ನೆತ್ತಿಯಲ್ಲಿ ಒಂದು ಟವರ್ ಏಳುತ್ತಿತ್ತು. ದಿನಾ ನಾಲ್ಕು ಜನ ಕೆಲಸಗಾರರನ್ನು ಕಲ್ಲುದಾರಿಯಲ್ಲಿ ಹತ್ತು ಕಿಲೋಮೀಟರ್ ಮೇಲಕ್ಕೊಯ್ದು ಸಂಜೆ ಕೆಳಗಿಳಿಸುವುದು ಅವನ ಕೆಲಸ. ಮೇಲೆ ಹೋದಮೇಲೂ ಇಂಜಿನ್ನಿಗೆ ಬಿಡುವಿರಲಿಲ್ಲ. ಕಬ್ಬಿಣದ ತುಂಡುಗಳನ್ನು ಎಳೆಯುವ ವಿಂಚು ಗಾಡಿಯ ಮೂತಿಯಲ್ಲೇ ಇತ್ತು. ಅದಕ್ಕೆ ಕರೆಂಟು ಸಾಲಬೇಕೆಂದು ಡ್ಯಾಶ್‌ಬೋರ್ಡಿನ ಒಂದು ಗುಂಡಿ ತಿರುಗಿಸಿ ಇಂಜಿನ್ನಿನ ವೇಗ ಸ್ವಲ್ಪ ಏರಿಸಿ, ದಿನಕ್ಕೆ ಐದು ಗಂಟೆ ನಿಂತಲ್ಲೇ ಓಡಿಸುತ್ತಿದ್ದರು.

ಆ ಸೋಮವಾರ ಸೊಸೆ ಡಬ್ಬಿ ಹಿಡಿದು ಅಂಗಳಕ್ಕೆ ಬಂದಾಗ ಮೇಸ್ತ್ರಿ ಡಿಪ್‌ಸ್ಟಿಕ್ ಹೊರಗೆಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು ಎತ್ತಿದರು. ಆ ಕಡ್ಡಿಯ ಮೇಲೆ ಎರಡು ಗೆರೆಗಳು. ಆಯಿಲ್ ಎರಡರ ನಡುವೆ ಇರಬೇಕು. ಅಂದು ಅದು ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳಗಲ ಮೇಲಿತ್ತು.

ಮೇಸ್ತ್ರಿ ಒಂದು ಹನಿಯನ್ನು ಬೆರಳುಗಳ ನಡುವೆ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಉಸಿರೆಳೆದರು.

“ನೋಡಮ್ಮ, ಐದು ತಿಂಗಳಾಯ್ತು. ಒಂದು ಹನಿ ಕುಡಿದಿಲ್ಲ. ಇಂಜಿನ್ ಅಂದ್ರೆ ಹೀಗಿರಬೇಕು.”

“ಹೋದ ತಿಂಗಳು ಗೆರೆಗೆ ಸರಿಯಾಗಿತ್ತಲ್ವಾ ಮಾವ? ಮಧ್ಯೆ ನೀವೇನಾದ್ರೂ ಸುರಿದ್ರಾ?”

“ಕುಡೀದೇ ಇರೋದಕ್ಕೆ ಯಾಕೆ ಸುರೀಲಿ?”

“ಮತ್ತೆ ಹೆಚ್ಚಾಗಿದ್ದು ಎಲ್ಲಿಂದ?”

“ಗಾಡಿ ಓರೆಯಾಗಿ ನಿಂತಿದೆ, ಅಷ್ಟೇ.”

ಅಂಗಳದ ಸಿಮೆಂಟು ಎಷ್ಟು ಸಮನಾಗಿತ್ತೆಂದರೆ ಬಕೆಟ್ ಉರುಳಿದರೂ ನೀರು ಯಾವ ಕಡೆಗೂ ಹೋಗದೆ ಬಿದ್ದಲ್ಲೇ ನಿಲ್ಲುತ್ತಿತ್ತು. ಸೊಸೆ ಅದನ್ನು ಹೇಳಲಿಲ್ಲ. ಅವಳಿಗೆ ಹಾಲಿನ ಡೈರಿಯ ಪರೀಕ್ಷಾ ಕೋಣೆಯಲ್ಲಿ ಕೆಲಸ, ಎಂಟಕ್ಕೆ ಅಲ್ಲಿರಬೇಕಿತ್ತು.

ಅಂದು ಎಲ್ಲರೂ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

“ಹಾಲಿನ ಕ್ಯಾನು ದಾರೀಲಿ ಬರ್ತಾ ಹೆಚ್ಚಾದ್ರೆ ನಾವು ಖುಷಿಪಡಲ್ಲ ಮಾವ. ಏನೋ ಬೆರೆತಿದೆ ಅಂತೀವಿ.”

“ಇಂಜಿನ್ನು ಹಸು ಅಲ್ಲಮ್ಮ.”

ಅತ್ತೆ ನಕ್ಕರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲಿಡೀ ನಿಂತು ಬಂದವರಿಗೆ ನಗಲು ಅಷ್ಟು ಸಾಕಾಗಿತ್ತು.

“ಗಾಡಿ ಜೊತೆ ಬಂದ ಪುಸ್ತಕ ಓದಿದೆ,” ಸೊಸೆ ಬಿಡಲಿಲ್ಲ. “ಹೊಗೆ ಕೊಳವೇಲಿ ಮಸಿ ಹಿಡಿಯೋ ಫಿಲ್ಟರ್ ಇದೆ. ತುಂಬಿದಾಗ ಇಂಜಿನ್ನು ಹೆಚ್ಚು ಡೀಸೆಲ್ ಬಿಟ್ಟು ಆ ಮಸೀನ ಸುಡುತ್ತೆ. ಅದಕ್ಕೆ ಗಾಡಿ ಜೋರಾಗಿ ಓಡ್ಬೇಕು. ನಿಂತಲ್ಲೇ ಇದ್ರೆ ಸುಡೋದು ಅರ್ಧಕ್ಕೆ ನಿಲ್ಲುತ್ತೆ, ಮಿಕ್ಕ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಬೂದಿ ಕಡಿಮೆ ಬಿಡೋ ಆಯಿಲ್ಲೇ ಹಾಕಿ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಬೇರೆ ಹಾಕಿದ್ರೆ ಫಿಲ್ಟರ್ ಬೇಗ ಕಟ್ಟುತ್ತಂತೆ. ನೀವು ಹಾಕಿರೋದು ಹಳೇ ಲಾರಿ ಆಯಿಲ್.”

“ಗಟ್ಟಿ ಆಯಿಲ್ ಅನ್ನು. ನಾನು ಎಷ್ಟು ಲಾರಿಗೆ ಹಾಕಿದ್ದೀನೋ ಲೆಕ್ಕ ಇಲ್ಲ. ಆ ಪುಸ್ತಕದ ಆಯಿಲ್ಲು ನೀರಿದ್ದ ಹಾಗಿರುತ್ತೆ, ಗುಡ್ಡ ಹತ್ತೋ ಗಾಡಿಗೆ ಆಗಲ್ಲ. ಇನ್ನು ಬದಲಾಯಿಸೋದು ಹತ್ತು ಸಾವಿರ ಕಿಲೋಮೀಟರಿಗೆ. ಲೋ, ಎಷ್ಟು ಓಡಿದೆ?”

“ಮೂರು ಸಾವಿರ ಆಗಿಲ್ಲಪ್ಪ,” ಎಂದ ಮಗ.

“ಕಿಲೋಮೀಟರ್ ಆಗಿಲ್ಲ. ಗಂಟೆ ಎಷ್ಟಾಯ್ತು?” ಸೊಸೆ ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ಬರೆದಳು. “ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ, ಐದು ತಿಂಗಳು. ಏಳುನೂರ ಎಂಬತ್ತು ಗಂಟೆ. ಗಂಟೆಗೆ ನಲವತ್ತು ಕಿಲೋಮೀಟರ್ ಅಂತ ಹಿಡಿದ್ರೂ ಮೂವತ್ತೊಂದು ಸಾವಿರ ಓಡಿದ ಹಾಗೆ.”

“ನಿಂತಿರೋ ಗಾಡಿ ಓಡಿದ ಹಾಗೆ ಹೇಗಾಗುತ್ತಮ್ಮ?” ಮೇಸ್ತ್ರಿ ತಟ್ಟೆ ಸರಿಸಿದರು. “ನನ್ನ ಮೂಗು ಹೇಳುತ್ತೆ ಆಯಿಲ್ ಕೆಟ್ಟಾಗ. ಈವರೆಗೂ ಸುಳ್ಳು ಹೇಳಿಲ್ಲ.”

ಮಗ ಮೇಜಿನ ಕೆಳಗೆ ಹೆಂಡತಿಯ ಕಾಲನ್ನು ಮೆಲ್ಲನೆ ಒತ್ತಿದ. ಅವಳು ಮಾವನ ತಟ್ಟೆ ಎತ್ತಿಕೊಂಡು ಎದ್ದಳು.

ಭಾನುವಾರ ಇಬ್ಬರೂ ಸೇರಿ ಗಾಡಿ ತೊಳೆದರು. ಅವಳು ಒಳಗೆ ಕೂತು ಡ್ಯಾಶ್‌ಬೋರ್ಡ್ ಒರೆಸುವಾಗ ವೇಗದ ಮುಳ್ಳಿನ ಪಕ್ಕ ಉಗುರಗಲದ ಕಪ್ಪು ಟೇಪು ಕಂಡಿತು.

“ಇದೇನ್ರೀ?”

“ಬಿಡು, ಲೈಟು ಕಣ್ಣಿಗೆ ಹೊಡೀತಿತ್ತು.”

ಅವಳು ಕೀಲಿ ತಿರುಗಿಸಿ ಟೇಪು ಕಿತ್ತಳು. ಕಿತ್ತಳೆ ಬಣ್ಣದ ದೀಪ ಉರಿಯುತ್ತಿತ್ತು. ಪುಸ್ತಕದಲ್ಲಿ ಕಂಡ ಅದೇ ಚಿತ್ರ, ಫಿಲ್ಟರಿನದು.

“ಎಷ್ಟು ದಿನದಿಂದ?”

“ಒಂದೂವರೆ ತಿಂಗಳಾಯ್ತು. ಅಪ್ಪಂಗೆ ಹೇಳ್ದೆ. ‘ಲೈಟು ನೋಡ್ಕೊಂಡು ಓಡಿಸೋನು ಡ್ರೈವರೇ ಅಲ್ಲ’ ಅಂದ್ರು.” ಅವನು ಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಇನ್ನೊಂದಿದೆ. ಕೂಗಾಡಬೇಡ.”

“ಹೇಳಿ.”

“ಬುಧವಾರ ಇಳೀತಾ ಇದ್ದೆ. ಮೂರನೇ ತಿರುವಲ್ಲಿ ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದೆ. ಇಂಜಿನ್ ಇಳೀಲಿಲ್ಲ. ತಾನೇ ಕೂಗ್ತಾ ಇತ್ತು. ನಾಲ್ಕು ಎಣಿಸೋವಷ್ಟು ಹೊತ್ತು, ಆಮೇಲೆ ಸರಿಹೋಯ್ತು. ಹಿಂದೆ ಕೂತವರು ‘ಏನಣ್ಣ, ಮನೇಲಿ ಹೆಂಡ್ತಿ ಕಾಯ್ತಿದ್ದಾಳಾ’ ಅಂತ ನಗ್ತಿದ್ರು. ಶುಕ್ರವಾರ ಮತ್ತೆ ಹಾಗೇ ಆಯ್ತು.”

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಸೀಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಆಮೇಲೆ?”

“ಆಮೇಲೆ ಏನು, ಇಳಿಯುವಾಗ ಒಂದು ಕೈ ಬಾಗಿಲಿನ ಹಿಡಿ ಮೇಲೇ ಇಟ್ಕೊಂಡಿರ್ತೀನಿ.”

“ಹಿಂದೆ ನಾಲ್ಕು ಜನ ಇರ್ತಾರಲ್ರೀ.”

ಅವನು ಚಕ್ರಕ್ಕೆ ನೀರೆರಚತೊಡಗಿದ.

ಸೋಮವಾರ ಅವಳು ಮಾವ ಟೀ ಕುಡಿಯಲು ಒಳಗೆ ಹೋದ ಹೊತ್ತು ನೋಡಿ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಡೈರಿಯ ಸೋಸುಕಾಗದದ ಮೇಲೆ ಬೀಳಿಸಿಕೊಂಡಳು. ಬಗ್ಗಿದಾಗಲೇ ಘಾಟು ಮೂಗಿಗೆ ಬಡಿಯಿತು, ಪಂಪಿನಲ್ಲಿ ಡೀಸೆಲ್ ಚೆಲ್ಲಿದ ನೆಲದ ಹಾಗೆ. ಮಾವ ಇದನ್ನು ಪ್ರತಿದಿನ ಮೂಸುತ್ತಿದ್ದರು.

ಮರುದಿನದ ಹೊತ್ತಿಗೆ ಹನಿ ಹರಡಿ ಒಣಗಿತ್ತು. ನಡುವೆ ಮಸಿಯ ಕಪ್ಪು ಬೊಟ್ಟು, ಅದರ ಸುತ್ತ ಬೂದುಬಣ್ಣ, ಅದರಾಚೆ ಅಗಲವಾಗಿ ಎಣ್ಣೆಕಾಗದದಂತೆ ಬೆಳಕು ದಾಟುವ ತೆಳು ಹಳದಿ ಬಳೆ. ಹೋಲಿಸಲೆಂದು ಅವಳು ಶುದ್ಧ ಆಯಿಲ್ಲಿಗೆ ಅಳೆದು ಡೀಸೆಲ್ ಬೆರೆಸಿ ಮೂರು ಹನಿ ಹಾಕಿ ನೋಡಿದ್ದಳು. ಅತಿ ಹೆಚ್ಚು ಬೆರೆಸಿದ ಹನಿಯ ಬಳೆ ಕೂಡ ಇಷ್ಟು ಅಗಲ ಇರಲಿಲ್ಲ.

ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದಳು. ಆ ಹೊತ್ತಿನಲ್ಲಿ ಮನೆಯಲ್ಲಿ ಮಾವ ಒಬ್ಬರೇ. ತಣ್ಣನೆ ಗಾಳಿ ಬೀಸುತ್ತಿದ್ದರೂ ಎಲ್ಲ ಕಿಟಕಿಗಳೂ ತೆರೆದಿದ್ದವು. ಅವರು ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಬೆಳಗಿನ ಅನ್ನವನ್ನು ಹಾಗೆಯೇ ತಿನ್ನುತ್ತಿದ್ದರು.

“ಯಾಕೆ ಮಾವ, ಬಿಸಿ ಮಾಡ್ಕೋಬಾರ್ದಾ? ಕೊಡಿ, ಎರಡು ನಿಮಿಷ.”

ಅವಳು ಒಳಗೆ ಹೋಗಿ ಒಲೆಯ ಗುಂಡಿಗೆ ಕೈ ಹಾಕುವಷ್ಟರಲ್ಲಿ ಅವರು ಬಾಗಿಲಿಗೆ ಬಂದಿದ್ದರು. “ತಡಿ. ಮೊದ್ಲು ಮೂಸಿ ನೋಡು.”

“ಏನನ್ನ?”

“ಗ್ಯಾಸು. ಸೋರ್ತಿದೆಯಾ ನೋಡು.”

“ಏನೂ ಇಲ್ವಲ್ಲ.”

“ಸರಿಯಾಗಿ ನೋಡಮ್ಮ.”

ಅವಳು ಅವರ ಮುಖ ನೋಡಿದಳು.

“ನಿಮಗೆ ಗೊತ್ತಾಗಲ್ವಾ ಮಾವ?”

ಅವರು ಅಲ್ಲೇ ಹೊಸ್ತಿಲ ಮೇಲೆ ಕೂತರು. “ಆ ಜ್ವರ ಬಂತಲ್ಲ, ಮೂರು ತಿಂಗಳ ಹಿಂದೆ. ಅದು ಹೋಗುವಾಗ ತಗೊಂಡೇ ಹೋಯ್ತು. ಸೋಪು ಇಲ್ಲ, ಟೀ ಇಲ್ಲ, ಏನೂ ಇಲ್ಲ. ನೀವೆಲ್ಲ ಹೋದಮೇಲೆ ಈ ಮನೆ ಒಳಗಿರೋಕೆ ಹೆದರಿಕೆಯಾಗುತ್ತೆ. ಒಲೆ ಹಚ್ಚಿದ್ರೆ ಎಲ್ಲಿ ಮನೆಯೇ ಹಾರಿಹೋಗುತ್ತೋ ಅಂತ.”

ಅವಳು ಚೀಲದಿಂದ ಕಾಗದ ತೆಗೆದು ಅವರ ಕೈಗೆ ಕೊಟ್ಟು, ಹೊರಗಿನ ಬಳೆಯನ್ನು ತೋರಿಸಿದಳು. ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೂಗಿದ್ದನ್ನೂ ಹೇಳಿದಳು. ಮೇಸ್ತ್ರಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

“ಆಯಿಲ್ ಮಟ್ಟ ಏರಿ ಗಾಳಿ ಕೊಳವೆಗೆ ಬರ್ತಿದೆ,” ಎಂದರು ಕೊನೆಗೆ. “ಇಂಜಿನ್ನು ಅದನ್ನೇ ಕುಡಿದು ಓಡ್ತಿದೆ. ಒಮ್ಮೆ ಹಿಡ್ಕೊಂಡ್ರೆ ಕೀಲಿ ತೆಗೆದ್ರೂ ನಿಲ್ಲಲ್ಲ. ಒಡೆದು ಚೂರಾಗೋವರೆಗೂ ಓಡುತ್ತೆ. ನಾನು ಒಂದೇ ಒಂದು ಸಲ ಕಂಡಿದ್ದೀನಿ.”

“ಹಾಗಾದ್ರೆ ಇವತ್ತೇ ಆಯಿಲ್ ಇಳಿಸೋಣ.”

“ಭಾನುವಾರ ಇಳಿಸ್ತೀನಿ. ನೀನು ಹೇಳಿದ ಆಯಿಲ್ಲೇ ಹಾಕ್ತೀನಿ. ವಾರದ ಮಧ್ಯೆ ನಿಲ್ಲಿಸಿದ್ರೆ ನಿನ್ನ ಗಂಡ ಯಾಕೆ ಅಂತಾನೆ, ನನ್ನ ಮೂಗಿನ ವಿಷಯ ಹೇಳ್ಬೇಕಾಗುತ್ತೆ. ಮೂಗಿಲ್ಲದ ಮೇಸ್ತ್ರಿ ಅನ್ನಿಸ್ಕೊಂಡು ಬೀದೀಲಿ ಹೇಗೆ ತಲೆ ಎತ್ತಲಿ? ನಾಲ್ಕೇ ದಿನ ಕಣಮ್ಮ. ಅವನಿಗೆ ಹೇಳ್ಬೇಡ.”

ಮಾವ ಅವಳನ್ನು ಹಿಂದೆಂದೂ ಏನನ್ನೂ ಬೇಡಿದವರಲ್ಲ. ಅವಳು ಹೂಂ ಎಂದಳು.

ಬುಧವಾರ ಬೆಳಿಗ್ಗೆ ಗಂಡನಿಗೆ ಡಬ್ಬಿ ಕೊಡುವಾಗ “ಇವತ್ತು ರಜೆ ಹಾಕಬಾರ್ದಾ?” ಎಂದಳು. “ಯಾಕೆ?” ಎಂದ. “ಸುಮ್ನೆ.” ಅವನು ನಕ್ಕು ಹೋದ. ಡೈರಿಯಲ್ಲಿ ಒಂದೇ ಮಾದರಿಯನ್ನು ಮೂರು ಸಲ ಅಳೆದಳು, ಮೂರು ಸಲವೂ ಬೇರೆ ಬೇರೆ ಬಂತು. ಗುರುವಾರ ಸಂಜೆ ಗಾಡಿ ಇಪ್ಪತ್ತು ನಿಮಿಷ ತಡವಾಯಿತು. ಮೇಸ್ತ್ರಿ ಗೇಟಿನವರೆಗೆ ಹೋಗಿ ಬಂದು, ಹೋಗಿ ಬಂದು ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡರು.

“ಏನಾಗಿದೆ ನಿಮ್ಮಿಬ್ಬರಿಗೆ?” ಅತ್ತೆ ಬೀನ್ಸ್ ಮುರಿಯುತ್ತ ಕೇಳಿದರು. “ಪರೀಕ್ಷೆ ಫಲಿತಾಂಶಕ್ಕೆ ಕಾಯೋ ಹಾಗೆ ನಿಂತಿದ್ದೀರಿ.”

ತಿರುವಿನಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಶುಕ್ರವಾರ ಬೆಳಿಗ್ಗೆ ಮಗ ಗಾಡಿ ಚಾಲೂ ಮಾಡಿದ. ಒಂದು ನಿಮಿಷ ಎಂದಿನಂತೆಯೇ ಇತ್ತು. ಆಮೇಲೆ ಸದ್ದು ತಾನಾಗಿಯೇ ಏರಿತು. ಅವನು ಪೆಡಲಿನಿಂದ ಕಾಲು ತೆಗೆದಿದ್ದ. ಸದ್ದು ಇನ್ನೂ ಏರಿತು. ಹಿಂದಿನಿಂದ ಬಿಳಿಹೊಗೆ ಎದ್ದು, ಕ್ಷಣದಲ್ಲಿ ನೀಲಿಯಾಗಿ, ಅಂಗಳ, ಬಾಗಿಲು, ಬಟ್ಟೆ ಒಣಗಿಸುವ ತಂತಿ ಎಲ್ಲವನ್ನೂ ನುಂಗಿತು. ಇಂಜಿನ್ನಿನ ಕೂಗು ಕಿವಿ ಹರಿಯುವಷ್ಟಾಗಿ, ಕಿಟಕಿಯ ಗಾಜುಗಳು ನಡುಗತೊಡಗಿದವು.

“ಆಫ್ ಮಾಡೋ!” ಅತ್ತೆ ಚೀರಿದರು.

ಹೊಗೆಯೊಳಗಿಂದ ಮಗ ಹೊರಗೆ ಹಾರಿಬಿದ್ದು ಎದ್ದು ಗೋಡೆಯ ಕಡೆ ಓಡಿದ. ಕೀಲಿ ಅವನ ಕೈಯಲ್ಲಿತ್ತು. ಗಾಡಿ ಓಡುತ್ತಲೇ ಇತ್ತು.

ಮೇಸ್ತ್ರಿ ಟೀ ಲೋಟ ನೆಲಕ್ಕಿಟ್ಟರು. ಎಸೆಯಲಿಲ್ಲ, ಇಟ್ಟರು, ಸೊಸೆಗೆ ಅದು ಆಮೇಲೂ ಕಣ್ಣಿಗೆ ಕಟ್ಟಿದಂತಿತ್ತು. ಹೊಗೆಯೊಳಗೆ ನುಗ್ಗಿ ಸೀಟು ಹತ್ತಿದರು. ಗೇರು ಕಿರುಗುಟ್ಟಿತು. ಗಾಡಿ ಮುಗ್ಗರಿಸಿದಂತೆ ಮುಂದಕ್ಕೆ ಜಿಗಿದು, ಇಡೀ ಮೈ ಗಡಗಡ ನಡುಗಿ, ಸತ್ತುಹೋಯಿತು.

ಆಮೇಲಿನ ಮೌನದಲ್ಲಿ ಲೋಹ ಟಿಕ್ ಟಿಕ್ ಎನ್ನುವುದು ಮಾತ್ರ ಕೇಳುತ್ತಿತ್ತು. ಮೇಸ್ತ್ರಿಗೆ ಇಳಿಯಲಾಗಲಿಲ್ಲ. ಬಲಗಾಲು ಇನ್ನೂ ಬ್ರೇಕನ್ನು ಒತ್ತಿಯೇ ಇತ್ತು. ಮಗ ಮೆಲ್ಲನೆ ಹತ್ತಿರ ಬಂದ.

“ನನಗೆ ವಾಸನೆ ಗೊತ್ತಾಗಲ್ಲ ಕಣೋ,” ಎಂದರು ಮೇಸ್ತ್ರಿ ಮುಂದಿನ ಗಾಜನ್ನೇ ನೋಡುತ್ತ. “ಮೂರು ತಿಂಗಳಾಯ್ತು. ಸುಮ್ನೆ ಮೂಸ್ತಿದ್ದೆ.”

“ನನಗೆ ಮಂಗಳವಾರವೇ ಗೊತ್ತಾಯ್ತು,” ಎಂದಳು ಸೊಸೆ. “ಆಯಿಲ್ ವಿಷಯಾನೂ.”

ಅವನು ಅವಳತ್ತ ತಿರುಗಿದ. “ಮಂಗಳವಾರ?”

“ಹೂಂ.”

“ಬುಧವಾರ ನಾನು ಹೋಗಿದ್ದೆ. ಗುರುವಾರಾನೂ ಹೋಗಿದ್ದೆ.”

ಅವಳು ಬಗ್ಗಿ ನೆಲದ ಮೇಲಿದ್ದ ಟೀ ಲೋಟ ಎತ್ತಿಕೊಂಡಳು.

ಗಾಡಿಯನ್ನು ಮೇಸ್ತ್ರಿಯ ಹಳೆಯ ಗ್ಯಾರೇಜಿಗೆ ಎಳೆದೊಯ್ದರು. ಆರು ಲೀಟರ್ ಸುರಿದಿದ್ದ ಕಡೆಯಿಂದ ಎಂಟೂವರೆ ಲೀಟರ್ ಇಳಿಯಿತು, ಟೀ ಸೋಸಿದ ಹಾಗೆ ತೆಳ್ಳಗೆ. ಬೇರಿಂಗುಗಳು ಸವೆದು ತಾಮ್ರ ಕಾಣುತ್ತಿತ್ತು. ಬೇರಿಂಗು, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಬದಲಾಯಿಸಿ, ಫಿಲ್ಟರ್ ಬಿಚ್ಚಿ ಶುಚಿ ಮಾಡಲು ಎರಡು ವಾರ ಹಿಡಿಯಿತು. ಹೊಸ ಆಯಿಲ್ ಕ್ಯಾನಿನ ಹಿಂದಿನ ಸಣ್ಣಕ್ಷರಗಳನ್ನು ಮೇಸ್ತ್ರಿ ಸೊಸೆಯಿಂದಲೇ ಓದಿಸಿದರು. ಪುಸ್ತಕದಲ್ಲಿದ್ದ ಗುರುತೇ ಕ್ಯಾನಿನ ಮೇಲೂ ಇದೆಯೇ ಎಂದು ಎರಡು ಸಲ ಕೇಳಿದರು. ಇನ್ನು ಮೇಲೆ ಇನ್ನೂರು ಗಂಟೆಗೊಮ್ಮೆ ಆಯಿಲ್ ಬದಲು, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಜೋರು ಓಟ, ಮಟ್ಟ ಗೆರೆ ದಾಟಿದ ದಿನ ಗಾಡಿ ಗೇಟು ದಾಟಕೂಡದು ಎಂದು ಅವರೇ ಹೇಳಿ ಬರೆಸಿ ಬಾನೆಟ್ಟಿನ ಒಳಗೆ ಅಂಟಿಸಿದರು.

ಮನೆಯಲ್ಲಿ ಅತ್ತೆಯ ಸಿಟ್ಟು ಬೇರೆ ದಾರಿ ಹಿಡಿದಿತ್ತು.

“ಮೂರು ತಿಂಗಳಿಂದ ನನ್ನ ಅಡುಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಲ್ಲ?”

“ರುಚಿ ಅರ್ಧ ಗೊತ್ತಾಗುತ್ತೆ ಕಣೇ.”

“ಅರ್ಧಕ್ಕೇ ಅಷ್ಟು ಹೊಗಳಿದ್ರಾ? ಮೂವತ್ತೈದು ವರ್ಷ ಪೂರ್ತಿ ಗೊತ್ತಾದಾಗ ಒಂದು ದಿನ ಬಾಯಿ ಬಿಟ್ಟಿರಲಿಲ್ಲ.” ಹೀಗೆಂದವರೇ ಅಂದಿನಿಂದ ಕೆಲಸಕ್ಕೆ ಹೊರಡುವ ಮುನ್ನ ಗ್ಯಾಸಿನ ತಿರುಪು ಮುಚ್ಚಿ, ಬಿಸಿನೀರಿನ ಫ್ಲಾಸ್ಕಿನ ಪಕ್ಕ ಅವರ ಊಟವನ್ನು ದಪ್ಪ ಟವೆಲಿನಲ್ಲಿ ಸುತ್ತಿಟ್ಟು ಹೋಗತೊಡಗಿದರು.

ಮಗ ಮಾತ್ರ ಹೆಂಡತಿಯೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ಉಪ್ಪು ಕೊಡು. ಟವೆಲ್ ಎಲ್ಲಿ. ಅಷ್ಟೇ. ಗಾಡಿ ಸಿದ್ಧವಾಗಿ ಅಂಗಳಕ್ಕೆ ಬಂದು ಮೂರು ದಿನವಾದರೂ ಅವನು ಗುಡ್ಡಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಟವರಿನ ಕಂಟ್ರಾಕ್ಟರ್ ಫೋನು ಮಾಡಿದಾಗ “ಒಂದು ಪಾರ್ಟು ಇನ್ನೂ ಬಂದಿಲ್ಲ ಸಾರ್” ಎಂದ. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು.

“ಎಲ್ಲ ಬಂದಿದೆಯಲ್ಲೋ. ಯಾವ ಪಾರ್ಟು?”

ಮಗ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ. “ನಾನು ಹಾರಿದೆ ಅಪ್ಪ.”

“ಯಾರಾದ್ರೂ ಹಾರ್ತಿದ್ರು.”

“ಇಲ್ಲಿ ಹಿಂದೆ ಯಾರೂ ಇರಲಿಲ್ಲ. ಅಲ್ಲಿ ನಾಲ್ಕು ಜನ ಇರ್ತಾರೆ. ಅವರಿದ್ದಿದ್ರೂ ಹಾರ್ತಿದ್ದೆ. ಅದು ನನಗೆ ಗೊತ್ತು. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ, ಬೆಂಚು ತುಂಬ ಜನ, ನಾನು ಹೊರಗೆ.”

ಮೇಸ್ತ್ರಿ ತಲೆಗೆ ಟೋಪಿ ಇಟ್ಟುಕೊಂಡರು. “ನಿಲ್ಲಿಸೋದು ಹೇಗೆ ಅಂತ ನಾನು ನಿನಗೆ ಹೇಳಿಕೊಟ್ಟೇ ಇಲ್ಲ. ಬಾ.”

ಗೋದಾಮಿನ ಹಿಂದಿನ ಬಯಲಿಗೆ ಗಾಡಿ ಹೋಯಿತು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು, ವಿಂಚಿನ ಗುಂಡಿ ತಿರುಗಿಸಿ ಇಂಜಿನ್ ಕೂಗುವಂತೆ ಮಾಡಿದರು. “ಕೀಲಿ ಮುಟ್ಟಬೇಡ. ಬ್ರೇಕು ನೆಲಕ್ಕೆ ಒತ್ತು. ಕ್ಲಚ್ಚು, ಐದನೇ ಗೇರು. ಈಗ ಕ್ಲಚ್ ಒಮ್ಮೆಲೇ ಬಿಡು. ಬ್ರೇಕು ಬಿಡಬೇಡ.” ಮಗನ ಕಾಲು ನಡುಗಿ ಬ್ರೇಕು ಸಡಿಲವಾಯಿತು, ಗಾಡಿ ಹತ್ತು ಮಾರು ಜಿಗಿಯಿತು. ಅವನ ಕೈ ಬಾಗಿಲಿನ ಹಿಡಿಗೆ ಹೋಗಿತ್ತು.

“ಕ್ಲಚ್ ಪ್ಲೇಟ್ ಹೋಗುತ್ತೆ ಅಪ್ಪ.”

“ಹೋಗ್ಲಿ. ನಾನೇ ಹಾಕ್ತೀನಿ. ಮತ್ತೆ ಮಾಡು.”

ಏಳು ಸಲ ಮಾಡಿದ. ಐದು ಸಲ ನಿಂತಿತು. “ನಿಲ್ಲುತ್ತೆ ಸರಿ,” ಎಂದ ಹಣೆಯ ಬೆವರೊರೆಸಿಕೊಂಡು. “ಹಿಂದೆ ಖಾಲಿ ಇದೆಯಲ್ಲ, ಅದಕ್ಕೇ.”

ಸಂಜೆಗೆ ಡೈರಿಯಿಂದ ನೇರವಾಗಿ ಬಯಲಿಗೆ ಬಂದ ಸೊಸೆಯ ಕಿವಿಗೆ ಆ ಮಾತು ಬಿತ್ತು. ಅವಳು ಗಾಡಿಯ ಹಿಂದೆ ಹೋಗಿ, ಚೀಲ ಒಳಗೆಸೆದು, ಹತ್ತಿ ಬೆಂಚಿನ ತುದಿಯಲ್ಲಿ ಕೂತಳು.

“ಇಳಿ,” ಎಂದ ಅವನು ಕನ್ನಡಿಯಲ್ಲಿ ನೋಡುತ್ತ.

“ಇಳಿಯಲ್ಲ.”

“ಹುಡುಗಾಟ ಆಡ್ತಿದ್ದೀಯಾ? ಇಳಿಯೇ.”

“ನನಗೂ ಹೆದರಿಕೆ ಆಗ್ತಿದೆ ಕಣ್ರೀ. ಬೇಗ ಮಾಡಿ.”

ಆಸ್ಪತ್ರೆಯ ಪಾಳಿ ಮುಗಿಸಿ, ತರಕಾರಿ ಚೀಲ ಹಿಡಿದು ಅದೇ ದಾರಿಯಲ್ಲಿ ಬರುತ್ತಿದ್ದ ಅತ್ತೆ ನಿಂತು ನೋಡಿದರು. ಏನು ನಡೆಯುತ್ತಿದೆ ಎಂದು ಗಂಡನನ್ನು ಕೇಳಿದರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೊಸೆಗೆ ಚೀಲ ಕೊಟ್ಟು, ಅವಳ ಭುಜ ಹಿಡಿದು, ಮಂಡಿ ನೋವಿಗೆ ಅಯ್ಯೋ ಅಮ್ಮಾ ಎನ್ನುತ್ತ ಹತ್ತಿ ಎದುರಿನ ಬೆಂಚಿನಲ್ಲಿ ಕೂತರು.

“ಅಮ್ಮ, ನೀನ್ಯಾಕೆ?”

“ಭಾರ ಬೇಕು ಅಂದ್ಯಂತಲ್ಲ. ನನಗಿಂತ ಭಾರ ಈ ಮನೇಲಿ ಯಾರಿದ್ದಾರೆ?” ಅವರ ದನಿ ಮಾತ್ರ ಸಣ್ಣಗಿತ್ತು. ಎರಡೂ ಕೈಯಿಂದ ಕಬ್ಬಿಣದ ಸರಳನ್ನು ತಬ್ಬಿ ಹಿಡಿದಿದ್ದರು.

ಮೇಸ್ತ್ರಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಇಂಜಿನ್ ಕೂಗತೊಡಗಿತು. ಬೆಂಚು ನಡುಗಿತು, ಚೀಲದೊಳಗಿನ ಟೊಮೆಟೊ ಉರುಳಿ ಕಾಲ ಬಳಿ ಬಂತು. ಸೊಸೆ ಕಣ್ಣು ಮುಚ್ಚಿದಳು. ಅತ್ತೆ ಮುಚ್ಚಲಿಲ್ಲ, ಮಗನ ಬೆನ್ನನ್ನೇ ನೋಡುತ್ತಿದ್ದರು. ಅವನ ಕೈ ಒಮ್ಮೆ ಬಾಗಿಲ ಕಡೆ ಹೋಗಿ, ಹಿಂದಕ್ಕೆ ಬಂದು, ಗೇರಿನ ಮೇಲೆ ಕೂತಿತು.

ಗಾಡಿ ಒಮ್ಮೆ ಜೋರಾಗಿ ಕುಲುಕಿತು. ಸದ್ದು ನಿಂತಿತು.

“ನಿಂತ್ತಾ?” ಅತ್ತೆ ಕೇಳಿದರು.

“ನಿಂತ್ತು ಅಮ್ಮ.”

“ಹಾಗಾದ್ರೆ ಇನ್ನೊಂದು ಸಲ ನಿಲ್ಸು.”